ಇಳಿಜಾರು ಇಳಿದ ಗಾಡಿ

ಎರಡನೆಯ ಶಾಕ್ ಅಬ್ಸಾರ್ಬರ್ ಕಳಚಲೆಂದು ಮೆಕ್ಯಾನಿಕ್ ಮೆಲ್ಲಗೆ ಎಳೆದ. ಮುಂದಿನ ಚಕ್ರವನ್ನು ಗಾಡಿಗೆ ಕೂಡಿಸಿದ್ದ ದಪ್ಪ ಕಬ್ಬಿಣವೂ ಲಟಕ್ಕನೆ ಮುರಿದು ಅವನ ಕೈಗೆ ಬಂತು.

ಮೂರು ಚಕ್ರದ ಬೈಕಿನ ಯಜಮಾನ ನಕ್ಕ. "ಏನಪ್ಪಾ, ಹೊಸದು ಹಾಕು ಅಂದ್ರೆ ಇದ್ದದ್ದನ್ನೂ ಮುರಿದ್ಯಾ?"

"ನಾನು ಮುರಿದಿಲ್ಲ ಯಜಮಾನ್ರೇ." ಮೆಕ್ಯಾನಿಕ್ ಮುರಿದ ಕಡೆಯನ್ನು ತಿರುಗಿಸಿ ತೋರಿಸಿದ. ಒಳಗೆಲ್ಲ ಹಳೆಯ ತುಕ್ಕು. ಉಗುರಿನಷ್ಟು ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. "ಇಷ್ಟರ ಮೇಲೇ ನಿಂತಿತ್ತು. ಇವತ್ತು ಯಾರನ್ನಾದ್ರೂ ಕೂರಿಸ್ಕೊಂಡಿದ್ರಾ?"

ಕೂರಿಸಿಕೊಂಡಿದ್ದ. ಬೆಳಿಗ್ಗೆಯಷ್ಟೇ ಬಾಣಂತಿ ಮಗಳನ್ನೂ ಹಸುಗೂಸನ್ನೂ ಆಸ್ಪತ್ರೆಯಿಂದ ಕಡಿದಾದ ಇಳಿಜಾರಿನಲ್ಲಿ ಮನೆಗೆ ಕರೆತಂದಿದ್ದ. "ಅಪ್ಪಾ, ಕೂಸಿಗೆ ಕುಲುಕುತ್ತೆ, ಶಾಕ್ ಅಬ್ಸಾರ್ಬರ್ ಬದಲಾಯಿಸು" ಎಂದು ಅವಳು ಗೊಣಗದಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ. ಅವನು ಟೈರುಗಳ ರಾಶಿಯ ಮೇಲೆ ಕುಸಿದು ಕುಳಿತ.

ಅಷ್ಟರಲ್ಲಿ ಫೋನು ಬಂತು. "ಅಪ್ಪಾ, ಗಾಡಿ ಆಯ್ತಾ? ಬರ್ತಾ ಕೂಸಿಗೊಂದು ಸೊಳ್ಳೆಪರದೆ ತಗೊಂಡು ಬಾ."

"ಕೂಸು ಎಲ್ಲಿದೆ?"

"ನನ್ನ ಮಡಿಲಲ್ಲೇ, ನಿದ್ದೆ ಮಾಡ್ತಿದೆ. ಯಾಕಪ್ಪಾ?"

ಅವನು ಮುರಿದ ಕಬ್ಬಿಣವನ್ನೇ ನೋಡುತ್ತಾ ಫೋನು ಕೆಳಗಿಳಿಸಿದ. ಮೆಕ್ಯಾನಿಕ್ಕೇ ಅವನ ಕೈಯಿಂದ ಫೋನು ತೆಗೆದುಕೊಂಡು, "ಏನಿಲ್ಲ ತಾಯಿ, ನಿಮ್ಮಪ್ಪ ನಡ್ಕೊಂಡು ಬರ್ತಾರೆ" ಎಂದ.