ಅಂಗೈಯ ಮೇಲಿನ ಪೆಟ್ರೋಲು

ಮದ್ದೂರಿನ ಬಂಕಿನಲ್ಲಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನ್ನ ಅಂಗೈ ತಣ್ಣಗಾಗುತ್ತದೆ.

ನನ್ನ ಬಾಲ್ಯದಲ್ಲಿ ಬೆಳಕವಾಡಿಯ ನಮ್ಮ ಮನೆಯ ಬಿಳಿ ಅಂಬಾಸಿಡರ್ ಕಾರು ಕೊಟ್ಟಿಗೆಯ ಪಕ್ಕ ಗೋಣಿತಾಟು ಹೊದ್ದು ತಿಂಗಳುಗಟ್ಟಲೆ ನಿಂತಿರುತ್ತಿತ್ತು. ಚಿಕ್ಕಮ್ಮನಿಗೆ ದಿನ ತುಂಬಿತ್ತು. ಆ ಮಧ್ಯಾಹ್ನ ಚಿಕ್ಕಪ್ಪ ತಾಟು ಸರಿಸಿದ. ಗದ್ದೆಗೆ ಔಷಧಿ ಹೊಡೆಯುವ ಮೆಷಿನ್ನಿಗೆ ತಂದು ಉಳಿದಿದ್ದ ಪೆಟ್ರೋಲಿನ ಕ್ಯಾನನ್ನು ಖಾಲಿ ಟ್ಯಾಂಕಿಗೆ ಬಗ್ಗಿಸಲು ಹೋದ. ಅಜ್ಜಿ ಕೈ ಅಡ್ಡ ಇಟ್ಟಳು.

"ತಡಿಲಾ. ಅದು ಅಳೇದು."

"ನಿಂತಿರೋ ಕಾರಿಗೆ ಇದೇ ಸಾಕು ಕಣವ್ವ."

"ದಿನಾ ಓಡೋ ಬೈಕು ಎಂಥದ್ ಉಯ್ದ್ರೂ ಓಯ್ತದೆ. ನಿಂತಿರೋದಕ್ಕೇ ಕಣ್ಲಾ ಒಸಾದು ಬೇಕು. ನಿಮ್ಮಪ್ಪಂಗೆ ಎದೆನೋವು ಬಂದ್ ದಿನ ಇದು ಮಿಸುಕ್ತಾ? ಗ್ಯಾನ ಮಾಡ್ಕೊ."

ಅಜ್ಜಿ ನನ್ನ ಅಂಗೈ ಬಿಡಿಸಿ ಕ್ಯಾನಿನಿಂದ ಒಂದು ಹನಿ ಬಿಟ್ಟಳು. ಹಳೇ ಬಣ್ಣದ ಡಬ್ಬದಂತೆ ನಾರುತ್ತಿದ್ದ ಅದು ಆರಲೇ ಇಲ್ಲ. ಬೆರಳಿಗೆ ಜಿಗುಟಾಗಿ ಅಂಟಿತು. ಚಿಕ್ಕಪ್ಪ ಬೈಕ್ ಹತ್ತಿ ಮಳವಳ್ಳಿಗೆ ಹೋದ.

ಅವನು ತಂದ ಹೊಸ ಪೆಟ್ರೋಲನ್ನೂ ಅಜ್ಜಿ ಹಾಗೇ ಬಿಡಲಿಲ್ಲ. ಸೋಪು ಹಚ್ಚಿ ತೊಳೆದಿದ್ದ ನನ್ನ ಅಂಗೈ ಮತ್ತೆ ಕೇಳಿದಳು. ಈ ಹನಿ ಮಂಜುಗಡ್ಡೆಯಂತೆ ತಣ್ಣಗೆ ಕಚ್ಚಿ, ನಾನು ನೋಡುತ್ತಿದ್ದಂತೆಯೇ ಮಾಯವಾಯಿತು.

"ಉಯ್ಯಿ" ಅಂದಳು.

ಟ್ಯಾಂಕಿಗೆ ಸುರಿದ ಮೇಲೆ ಚಿಕ್ಕಪ್ಪ ಕೀ ತಿರುಗಿಸಿದ. ಕಾರು ಒಂದೇ ಸಲಕ್ಕೆ ಗುರ್ರೆಂದಿತು. ಅಂಗಳದ ಕೋಳಿಗಳು ಚೆದುರಿದವು.

ಅಜ್ಜಿ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಜಗಲಿಯಲ್ಲಿ ಕೂತಿದ್ದ ಚಿಕ್ಕಮ್ಮನಿಗೆ ಹೇಳಿದಳು:

"ಇನ್ನ ನೋವು ಯಾವೊತ್ತಾದ್ರೂ ಬರ್ಲಿ ಬುಡು ಕಣಮ್ಮಿ."