ಎಡಗಾಲಿನ ರಾಡು

"ಬೆಲ್ಟು?"

"ಬಿಚ್ಚಿಟ್ಟೆ."

"ಬೀಗದ ಕೈ, ಮೊಬೈಲು, ಸ್ಕ್ರೂಡ್ರೈವರು?"

ಎಲೆಕ್ಟ್ರಿಷಿಯನ್ ಎಲ್ಲವನ್ನೂ ಪ್ಲಾಸ್ಟಿಕ್ ತಟ್ಟೆಗೆ ಸುರಿದ. ಎಂಆರ್‌ಐ ಕೋಣೆಯ ಒಂದು ಬಲ್ಬು ಬದಲಿಸಲು ಇಷ್ಟು ರಾಮಾಯಣವೇ! ಬಾಗಿಲಿಗೆ ಅಡ್ಡ ನಿಂತಿದ್ದ ಟೆಕ್ನಿಷಿಯನ್ ಹುಡುಗಿ ಮಾಸ್ಕಿನ ಮೇಲಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮಷೀನು ಆಫ್ ಮಾಡಿದ್ದೀರಲ್ಲ ಮೇಡಂ?"

"ಸ್ಕ್ಯಾನ್ ನಿಲ್ಲಿಸಿದ್ರೂ ಅಯಸ್ಕಾಂತ ನಿದ್ದೆ ಮಾಡಲ್ಲ. ಮೈಯೊಳಗೆ ಎಲ್ಲಾದ್ರೂ ಲೋಹ ಇದ್ಯಾ?"

ಅವನ ಎಡತೊಡೆಯೊಳಗೆ ರಾಡು ಇತ್ತು. ಇದೆ ಎಂದರೆ ವಾಪಸ್ ಕಳಿಸುತ್ತಾರೆ. ಈ ಆಸ್ಪತ್ರೆಯ ವರ್ಷದ ಗುತ್ತಿಗೆ ಇವತ್ತಿನ ಕೆಲಸದ ಮೇಲೆ ನಿಂತಿತ್ತು. ಸಾಲದ್ದಕ್ಕೆ ಅಮ್ಮ ಬೇರೆ, "ಈ ವಾರ ಮುಗಿಯೋವರೆಗೂ ಕಾಲಿನ ಸುದ್ದಿ ಯಾರ ಹತ್ರಾನೂ ಎತ್ತಬೇಡ" ಎಂದು ತಾಕೀತು ಮಾಡಿದ್ದಳು.

"ಇಲ್ಲ," ಎಂದ.

"ಲಿಫ್ಟಿನಿಂದ ಇಲ್ಲಿಗೆ ಹನ್ನೆರಡು ಹೆಜ್ಜೆ. ನಿಮ್ಮ ಎಡಗಾಲು ಬೇರೇನೋ ಹೇಳ್ತಿತ್ತು. ಸುಳ್ಳು ಹೇಳಿ ಒಳಗೆ ಬಂದವರು ಆಮೇಲೆ ಅನುಭವಿಸ್ತಾರೆ ನೋಡಿ."

ಹಾಳಾಗಿ ಹೋಗಲಿ ಗುತ್ತಿಗೆ, ಜೀವ ಉಳಿದರೆ ಸಾಕು ಎನಿಸಿತು ಅವನಿಗೆ.

"ರಾಡ್ ಇದೆ ಮೇಡಂ. ಏಣಿಯಿಂದ ಬಿದ್ದಿದ್ದೆ, ಐದು ವರ್ಷ ಆಯ್ತು."

ತಟ್ಟೆಯಿಂದ ಮೊಬೈಲು ಎತ್ತಿಕೊಂಡು ಆಪರೇಷನ್ ಚೀಟಿಯ ಫೋಟೊ ತೋರಿಸಿದ. ಅವಳು ಅದನ್ನು ಒಯ್ದು ಡಾಕ್ಟರಿಗೆ ತೋರಿಸಿ ಬಂದಳು.

"ಟೈಟೇನಿಯಂ. ಅಯಸ್ಕಾಂತ ಎಳೆಯಲ್ಲ, ಡಾಕ್ಟರು ಒಪ್ಪಿದ್ದಾರೆ. ಮೊದಲೇ ಹೇಳೋಕೆ ಏನಾಗಿತ್ತು?"

ಅವನಿಗೆ ಹೋದ ಜೀವ ಬಂತು. ಬಾಗಿಲ ಕಡೆ ಹೊರಟ. ಅವಳು ಮಾತ್ರ ಫಾರಂ ತುಂಬುತ್ತಿದ್ದ ಪೆನ್ನು ಮುಚ್ಚಲಿಲ್ಲ.

"ಇರಿ, ಮುಗಿದಿಲ್ಲ. ಹಚ್ಚೆ? ಯಾರದ್ದಾದ್ರೂ ಹೆಸರು?"

"ಇಲ್ಲ."

"ಹಲ್ಲು, ಕೂದಲು ಎಲ್ಲಾ ಸ್ವಂತದ್ದೇನಾ?"

"ದೇವರಾಣೆ."

"ಬೇಗ ಸಿಟ್ಟು ಬರುತ್ತಾ?"

"ಈಗ ಬರ್ತಾ ಇದೆ."

"ಗೊರಕೆ?"

ಅವನು ತಾಳ್ಮೆಗೆಟ್ಟು ಫಾರಂ ಇಣುಕಿದ. ಅಚ್ಚಾದ ಪ್ರಶ್ನೆಗಳು ಹಲ್ಲು, ಕೂದಲಿಗೇ ಮುಗಿದಿದ್ದವು. ಉಳಿದದ್ದು ಖಾಲಿ ಹಾಳೆ.

"ಬಲ್ಬ್ ಹಾಕೋಕೆ ಗೊರಕೆ ಯಾಕ್ರೀ?"

ಅವಳು ಮಾಸ್ಕ್ ಇಳಿಸಿ ನಕ್ಕಳು. "ಅದು ನನಗೆ ಬೇಕು. ನಿಮ್ಮ ಫೋಟೊ ಆಗಲೇ ನಮ್ಮನೆಗೆ ಬಂದಿದೆ. ಭಾನುವಾರ ಮದುವೆ ಮಾತಿಗೆ ಅಮ್ಮನ ಜೊತೆ ನಮ್ಮನೆಗೆ ತಾನೇ ಬರ್ತಿರೋದು? ಕಾಲಿನ ವಿಷಯ ಅಲ್ಲೂ ಹೀಗೇ ಹೇಳಿಬಿಡಿ, ನಾನು ಹೂಂ ಅಂತೀನಿ."