ಚೆಂಡು ಎತ್ತಿಕೊಟ್ಟ ಕೈ

ಏಷ್ಯಾ ಕ್ರೀಡಾಕೂಟದ ವಾಲಿಬಾಲ್ ಪಂದ್ಯಗಳಿಗೆಂದು ಮೈಸೂರಿನ ಹಳೆಯ ಒಳಾಂಗಣ ಕ್ರೀಡಾಂಗಣ ಹೊಸ ಬಣ್ಣ ಬಳಿದುಕೊಂಡಿತ್ತು. ಒಂದು ಕಾಲಕ್ಕೆ ಇಲ್ಲಿಯೇ ಜೊತೆಯಾಟಗಾರರ ಹೊಡೆತಕ್ಕೆ ಚೆಂಡು ಎತ್ತಿಕೊಡುವುದರಲ್ಲಿ ಹೆಸರಾಗಿದ್ದ ಗುರುಮಲ್ಲಪ್ಪನನ್ನು ಹೆಂಡತಿ ಪುಟ್ಟಗೌರಮ್ಮ ಕೈಹಿಡಿದು ಕರೆತಂದಿದ್ದಳು. ನಿವೃತ್ತ ಆಟಗಾರರ ಮಿದುಳಿನಿಂದ ಕೈಚಳಕವನ್ನು ಯಂತ್ರದಲ್ಲಿ ತೆಗೆದು ದೇಶದ ತಂಡದ ಹುಡುಗರಿಗೆ ತುಂಬುವುದು ಈಗಿನ ವಾಡಿಕೆ. ಕಳೆದ ಬೇಸಿಗೆಯಲ್ಲಿ ಅವನ ಸರದಿ ಬಂದಿತ್ತು. ಅಂದಿನಿಂದ ಮಂಕಾಗಿದ್ದ ಗಂಡ ಆ ಹುಡುಗರ ಕೈಯಲ್ಲಿ ತನ್ನ ಆಟವನ್ನು ಕಂಡಾದರೂ ಅರಳಿಯಾನೆಂದು ಅವಳ ಆಸೆ.

ಅಂಕಣದಲ್ಲಿ ದೇಶದ ತಂಡದ ಹುಡುಗನೊಬ್ಬ ಎಡ ಹಿಮ್ಮಡಿ ತುಸು ಎತ್ತಿ, ಬೆನ್ನು ಬಾಗಿಸಿ, ಹಿಂದಿರುಗಿ ನೋಡದೆಯೇ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ತೇಲಿಸಿದ. ಮದುವೆಗೆ ಮುಂಚೆಯೇ ಪುಟ್ಟಗೌರಮ್ಮ ಮರುಳಾಗಿದ್ದ ಭಂಗಿ ಅದು.

“ನೋಡುದ್ರಾ? ನಿಮ್ದೇ ಅಲ್ವಾ ಅದು!” ಅವಳು ಗಂಡನ ತೋಳು ಹಿಡಿದು ಅಲುಗಿಸಿದಳು.

“ಸುಮ್ಕಿರಮ್ಮಿ, ನಂದೆಲ್ಲಿ ಬಂತು,” ಗುರುಮಲ್ಲಪ್ಪ ಕಡಲೆಕಾಯಿ ಸುಲಿಯುತ್ತ ಆಕಳಿಸಿದ. “ಅಲ್ಲಾ, ಮಧ್ಯದಲ್ಲಿ ಆ ಬಲೆ ಯಾಕ್ ಕಟ್ಟವ್ರೆ?”